ಸಾಲದ ಕಲ್ಲು

ಸ್ಮಿತ್‌ವಿಲ್ ದಾಟಿ ಸರೋವರದ ಕಡೆ ಇಳಿಯುವ ತಿರುವಿನಲ್ಲಿ
ರಸ್ತೆಗೆಂದು ಸೀಳಿದ ಗುಡ್ಡ.
ಮೇಲೆ ಸುಣ್ಣದ ಕಲ್ಲು, ಕೆಳಗೂ ಸುಣ್ಣದ ಕಲ್ಲು,
ನಡುವೆ ಮೂವತ್ತಡಿ ಕಪ್ಪು:
ಹಳೇ ಅಂಗಡಿಯ ಕಡತ ಮಡಿಸಿಟ್ಟ ಹಾಗೆ
ಪದರದ ಮೇಲೆ ಪದರ.
ಬಳಪ ಮಾತ್ರ ಯಾರೋ ಒಯ್ದಿದ್ದಾರೆ.

ಟ್ರಕ್ಕುಗಳಿಗೆ ಬೆನ್ನು ಕೊಟ್ಟು ನಿಂತು
ಉಗುರಿನಿಂದಲೇ ಒಂದು ಹಾಳೆ ಬಿಡಿಸುತ್ತೇನೆ.
ಸೀಮೆಎಣ್ಣೆಯ ವಾಸನೆ.
ಮೂವತ್ತಾರು ಕೋಟಿ ವರ್ಷದ ಹಿಂದೆ
ಇಲ್ಲೊಂದು ಕಡಲಿತ್ತು, ತಳದಲ್ಲಿ ಉಸಿರಿಲ್ಲದ ಕಡಲು;
ಸತ್ತದ್ದು ಕೊಳೆಯದೆ ಕೆಸರಾಗಿ ಕೂತು
ನೀರಿನಲ್ಲಿ ಅಲೆಯುತ್ತಿದ್ದ ಯುರೇನಿಯಂ
ಚಿಟಿಕೆ ಚಿಟಿಕೆಯಾಗಿ ಅದಕ್ಕೆ ಅಂಟಿಕೊಂಡಿತಂತೆ.
ಅಂತೆ ಎನ್ನಬಾರದು,
ವರದಿಯಲ್ಲಿ ಹಾಗೆ ಬರೆಯುವವಳು ನಾನೇ.

ಯಂತ್ರ ಹಿಡಿದರೆ
ಟಿಕ್.
ಸ್ವಲ್ಪ ತಡೆದು, ಟಿಕ್ ಟಿಕ್.
ಹೊಸದುರ್ಗದ ನಮ್ಮ ಅಡುಗೆಮನೆಯ ಗೋಡೆಯಲ್ಲಿ
ಹಲ್ಲಿ ಲೊಚಗುಟ್ಟಿದರೆ ದೊಡ್ಡಮ್ಮ
ಬೆರಳಿಂದ ನೆಲ ಕುಟ್ಟಿ ಅನ್ನುತ್ತಿದ್ದಳು: ‘ನೋಡು, ಸತ್ಯ.’
ಏನು ಸತ್ಯ ಎಂದು ಯಾರೂ ಕೇಳುತ್ತಿರಲಿಲ್ಲ.

ಗುಡ್ಡದ ಬುಡದಲ್ಲಿ, ಗಾಳ ಹಾಕುವವರಿಗೆ
ಎರೆಹುಳ ಮಾರುವ ಅಂಗಡಿ.
ವೈನೋನಾ ಲೆಡ್‌ಬೆಟರ್, ಎಪ್ಪತ್ತೆಂಟು ವರ್ಷ, ಮೊಣಕೈತನಕ ಮಣ್ಣು,
ರಸೀದಿ ಹಾರದಂತೆ ಗಲ್ಲಾಪೆಟ್ಟಿಗೆಯ ಮೇಲಿಟ್ಟ
ಕರಿ ಚೂರನ್ನು ನನ್ನತ್ತ ತಳ್ಳಿ
‘ಇದಕ್ಕೂ ಹಿಡಿ’ ಅಂದಳು.

ಅವಳ ಅಪ್ಪ ಆರ್ವೆಲ್. ಐವತ್ತನಾಲ್ಕನೇ ಇಸವಿ.
ಸರ್ಕಾರದವರು ಸುರಂಗ ಹೊಡೆಯುತ್ತಿದ್ದ ಕಾಲ.
ತಂಬಾಕಿನ ಹೊಲ ಬ್ಯಾಂಕಿಗೆ ಬರೆದುಕೊಟ್ಟು
ಅಂಚೆಯಲ್ಲಿ ಗೈಗರ್ ಕೌಂಟರ್ ತರಿಸಿದ,
ನಲವತ್ತು ಎಕರೆ ಕಲ್ಲು ಕೊಂಡ,
ಅಮ್ಮನಿಗೊಂದು ಫ್ರಿಜ್ಜು.
ಅದರೊಳಗೆ ಮಜ್ಜಿಗೆ ಬಿಟ್ಟರೆ ಏನೂ ಇರುತ್ತಿರಲಿಲ್ಲ.
ರಾತ್ರಿ ಹಾಸಿಗೆಗೇ ಯಂತ್ರ ತಂದು
ಮಕ್ಕಳ ಹೊಟ್ಟೆಗೆ ಹಚ್ಚಿ
‘ನೀವೂ ಟಿಕ್ ಅಂತೀರಿ, ನೀವೂ ಶ್ರೀಮಂತರು’
ಎಂದು ನಗಿಸುತ್ತಿದ್ದನಂತೆ.

ಒಂದು ದಿನ ಸುರಂಗದ ಬಾಯಿಗೆ ಹಲಗೆ ಬಡಿದು
ಬಂದವರು ಹೋದರು.
ಸುಳ್ಳು ಹೇಳಲಿಲ್ಲ ಅವರು.
ಇದೆ, ಅಂದರು.
ಸಾಲದು, ಅಂದರು.

‘ಈಗ ನೀನು ಹೇಳು, ಎಷ್ಟಿದೆ?’
ಅರವತ್ತು, ಅಂದೆ.
‘ಅರವತ್ತು ಏನು?’
ಹತ್ತು ಲಕ್ಷದಲ್ಲಿ ಅರವತ್ತು. ಒಂದು ಟನ್ನು ಅರೆದು ಸೋಸಿದರೆ
ಅರವತ್ತು ಗ್ರಾಂ. ಒಂದು ಕೋಳಿಮೊಟ್ಟೆಯ ತೂಕ.
ಅವಳು ಬಹಳ ಹೊತ್ತು ಕಿಟಕಿಯಾಚೆ ನೋಡಿದಳು.
‘ಕೋಳಿ ಸಾಕಬಹುದಿತ್ತು’ ಅಂದಳು.

ಗುಡ್ಡ ಅಗೆದು ಇಲಿ ಹಿಡಿದರು ಎನ್ನುತ್ತೇವೆ ನಮ್ಮ ಕಡೆ.
ಇಲ್ಲಿ ಗುಡ್ಡದ ತುಂಬ ಇಲಿಯೇ,
ಬೋನಿಗೆ ಬೀಳುವ ಗಾತ್ರದ್ದಲ್ಲ ಅಷ್ಟೇ.
ಸಾಲದ ಕಲ್ಲು, ಎಂದು ಬಾಯಿಗೆ ಬಂತು.
ಸಾಕಾಗದ್ದು, ಸಾಲ ಮಾಡಿಸಿದ್ದು,
ಎರಡನ್ನೂ ಒಂದೇ ಮಾತು ಹೊರುತ್ತದೆ ಕನ್ನಡದಲ್ಲಿ.
ಅವಳಿಗೆ ಬಿಡಿಸಿ ಹೇಳಲು ಹೋಗಲಿಲ್ಲ.

ನೆಲಮಾಳಿಗೆಯ ಕಿಟಕಿ ತೆರೆದಿಡಿ, ಅಂದೆ,
ಕಲ್ಲಿನಿಂದ ಏಳುವ ಗಾಳಿ ಒಳ್ಳೆಯದಲ್ಲ.
‘ಹುಳುಗಳೆಲ್ಲ ಅಲ್ಲೇ ಹುಟ್ಟಿದವು.
ಮೀನುಗಳು ಇದುವರೆಗೆ ದೂರು ಕೊಟ್ಟಿಲ್ಲ.’
ಆದರೂ ಎದ್ದು ಹೋದಳು;
ತುಕ್ಕು ಹಿಡಿದ ಚಿಲಕದ ಸದ್ದು ಕೇಳಿಸಿತು,
ಆಮೇಲೆ ಕೆಮ್ಮು.
ಹೊರಡುವಾಗ ಕಲ್ಲನ್ನು ಮತ್ತೆ ರಸೀದಿಗಳ ಮೇಲಿಟ್ಟೆ.
ಆ ಕೆಲಸಕ್ಕೆ ಅದರ ತೂಕ ಸಾಕು.

ರಾತ್ರಿ, ಮೋಟೆಲ್ಲಿನ ಮಂಚದ ಮೇಲೆ ಕೂತು ನಮೂನೆ ತುಂಬಿದೆ.
ಪ್ರಮಾಣ: ಅರವತ್ತು.
ಷರಾ: ಗಣಿಗಾರಿಕೆಗೆ ಯೋಗ್ಯವಲ್ಲ.
ಯಂತ್ರ ಆರಿಸುವುದು ಮರೆತಿತ್ತೇನೋ,
ಚೀಲದೊಳಗಿನ ಹಾಳೆಗೆ ಅದು ಒಮ್ಮೆ ಲೊಚಗುಟ್ಟಿತು.
ನೆಲಕ್ಕೆ ಕಾರ್ಪೆಟ್ಟು. ಅಭ್ಯಾಸಬಲ,
ಗೋಡೆಗೇ ಬೆರಳು ಕುಟ್ಟಿದೆ.
ಆ ಬದಿಯ ಕೋಣೆಯಿಂದ ಯಾರೋ
ಎರಡು ಸಲ ಕುಟ್ಟಿದರು.